ಆಪ್ ಒಳಗಿನ ಮೆಸೇಜು, ಸರ್ವೇ ಯಾವಾಗ ತೋರಿಸ್ಬೇಕು, ಯಾವಾಗ ಸುಮ್ನಿರ್ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ ಒಳಗೆ ಮೆಸೇಜ್ ಹಾಕೋಕೆ, ಸರ್ವೇ ಕೇಳೋಕೆ ಕೂತಾಗ ಪ್ರಾಡಕ್ಟ್ ಟೀಮು, ಮಾರ್ಕೆಟಿಂಗ್ ಟೀಮು, ಡೆವಲಪರ್ಸು ಎಲ್ಲರ ಕಡೆಯಿಂದಾನೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು ಬರ್ತವೆ. ಮೆಸೇಜಲ್ಲಿ ಏನು ಬರೀಬೇಕು ಅನ್ನೋದು ಇಲ್ಲಿಲ್ಲ, ಟೈಮಿಂಗ್ ಬಗ್ಗೆ ಮಾತ್ರ. ನೀವು ಬಳಸೋ ಟೂಲಲ್ಲಿ ಸೆಟ್ಟಿಂಗ್ ಹೆಸರು ಬೇರೆ ಇರಬಹುದು, ಒಳಗಡೆ ನಡೆಯೋದು ಇಷ್ಟೇ.

ಇನ್-ಆಪ್ ಮೆಸೇಜ್ ಅಂದ್ರೆ ಪುಶ್ ನೋಟಿಫಿಕೇಷನ್ ಥರಾನೇ ಅಲ್ವಾ? ಟೈಮ್ ಸೆಟ್ ಮಾಡೋದ್ರಲ್ಲಿ ಏನು ವ್ಯತ್ಯಾಸ?

ತುಂಬಾನೇ ಇದೆ. ಪುಶ್ ಬರೋದು ಫೋನಿಗೆ, ಆಪ್ ಮುಚ್ಚಿದ್ರೂ ಬರುತ್ತೆ, ಹಾಗಾಗಿ ಅದಕ್ಕೆ ಯೂಸರ್ ಪರ್ಮಿಷನ್ ಬೇಕು. ಐಒಎಸ್‌ನಲ್ಲಿ ಈ ಪದ್ಧತಿ ಹಳೇದು, ಆಂಡ್ರಾಯ್ಡ್‌ನಲ್ಲಿ 2022ರಲ್ಲಿ ಬಂದ 13ನೇ ವರ್ಷನ್‌ನಿಂದ ಶುರುವಾಯ್ತು. ಇನ್-ಆಪ್ ಮೆಸೇಜ್ ಕಾಣೋದು ಆಪ್ ತೆರೆದು ಕಣ್ಣೆದುರು ಇದ್ದಾಗ ಮಾತ್ರ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ, ಟೀಮುಗಳು ಅದನ್ನ ಲಂಗುಲಗಾಮಿಲ್ಲದೆ ಬಳಸೋಕೆ ಇದೂ ಒಂದು ಕಾರಣ.

ಟೈಮಿಂಗ್ ವಿಷಯಕ್ಕೆ ಬಂದ್ರೆ, ಪುಶ್‌ನಲ್ಲಿ ಹೊತ್ತು ಆರಿಸೋದು ನೀವು, ಇನ್-ಆಪ್‌ನಲ್ಲಿ ಯೂಸರ್. ನೀವು "ನಾಳೆ ಬೆಳಿಗ್ಗೆ 10 ಗಂಟೆ" ಅಂತ ಹಾಕಿದ್ರೆ ಅದರ ಅರ್ಥ ನಾಳೆ 10ರ ನಂತರ ಅವರು ಯಾವಾಗ ಆಪ್ ತೆರೀತಾರೋ ಆವಾಗ ಅಂತ, ಅದು ಮೂರು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೂ ಆಗಬಹುದು. ಅದಕ್ಕೇ "ಇವತ್ತೇ ಕೊನೇ ದಿನ" ಅನ್ನೋ ಥರದ ವಾಕ್ಯ ಇರೋ ಮೆಸೇಜಿಗೆ ಮುಗಿಯೋ ಟೈಮ್ ಹಾಕದೆ ಬಿಡಲೇಬೇಡಿ.

ಟ್ರಿಗರ್ ಅಂದ್ರೆ ಏನು, ಯಾವುದನ್ನ ಇಟ್ಕೋಬೇಕು?

ಮೆಸೇಜ್ ಹೊರಗೆ ಬರೋಕೆ ಯಾವ ಘಟನೆ ಕಾರಣ ಆಗ್ಬೇಕೋ ಅದು ಟ್ರಿಗರ್. ಗೂಗಲ್ ಕೊಡೋ ಫೈರ್‌ಬೇಸ್ ಇನ್-ಆಪ್ ಮೆಸೇಜಿಂಗ್ ಅನ್ನೋ ಟೂಲ್ ತಗೊಂಡ್ರೆ ಆಪ್ ಲಾಂಚ್ ಆಗೋದು, ಆಪ್ ಮುನ್ನೆಲೆಗೆ ಬರೋದು, ಇಲ್ಲಾ ನೀವು ಲಾಗ್ ಮಾಡೋ ಅನಲಿಟಿಕ್ಸ್ ಇವೆಂಟ್ (ಆಪಲ್ಲಿ ಯೂಸರ್ ಏನು ಮಾಡಿದ್ರು ಅನ್ನೋದರ ದಾಖಲೆ), ಹೀಗೆ ಸಿಗುತ್ತೆ. ಬೇರೆ ಟೂಲ್‌ಗಳಲ್ಲಿ ಇದ್ರ ಜೊತೆಗೆ ಇಂಥ ಸ್ಕ್ರೀನ್ ನೋಡಿದಾಗ, ಇಷ್ಟು ಸೆಕೆಂಡ್ ಕಳೆದಾಗ, ಇಷ್ಟು ಸಲ ಬಂದಾಗ ಅನ್ನೋದೆಲ್ಲ ಇರುತ್ತೆ.

ನಮ್ಮ ಅಭಿಪ್ರಾಯ ಕೇಳಿದ್ರೆ ಇವೆಂಟ್ ಟ್ರಿಗರ್ ಬಿಟ್ಟು ಉಳಿದಿದ್ದೆಲ್ಲ ಅಂದಾಜಿನ ಕೆಲಸ. ಅದ್ರಲ್ಲೂ ಮುನ್ನೆಲೆಗೆ ಬಂದಾಗ ಅನ್ನೋ ಟ್ರಿಗರ್ ಭಾರಿ ಮೋಸ. ಯೂಸರ್ ಲಾಗಿನ್ ಆಗ್ತಿದ್ದಾರೆ, ಓಟಿಪಿ ನೋಡೋಕೆ ಎಸ್ಎಂಎಸ್ ತೆರೆದ್ರು, ಆರು ಅಂಕಿ ಬಾಯಲ್ಲಿ ಹೇಳ್ಕೊಂಡು ವಾಪಸ್ ಬಂದ್ರು, ಅಷ್ಟರಲ್ಲಿ ಓಟಿಪಿ ಬಾಕ್ಸ್ ಮೇಲೆ "ನಮ್ಮ ಹೊಸ ಫೀಚರ್ ನೋಡಿ" ಅಂತ ಮೋಡಲ್ (ಮುಚ್ಚೋ ತನಕ ಹಿಂದಿನ ಸ್ಕ್ರೀನ್ ಬಳಸೋಕೆ ಬಿಡದ ಬಾಕ್ಸ್) ಕೂತಿದೆ. ಸಿಸ್ಟಮ್ ಲೆಕ್ಕದಲ್ಲಿ ಅದು ಸರಿಯಾಗೇ ಕೆಲಸ ಮಾಡಿದೆ, ಆಪ್ ಮುನ್ನೆಲೆಗೆ ಬಂತು, ಮೆಸೇಜ್ ತೋರಿಸ್ತು. ಯೂಸರ್ ಅದನ್ನ ಮುಚ್ಚೋ ಹೊತ್ತಿಗೆ ಅಂಕಿ ಮರೆತು ಮತ್ತೆ ಎಸ್ಎಂಎಸ್‌ಗೆ ಹೋಗ್ತಾರೆ, ವಾಪಸ್ ಬಂದಾಗ ಎಷ್ಟು ಸಲ ತೋರಿಸ್ಬೇಕು ಅನ್ನೋ ಮಿತಿ (ಕ್ಯಾಪ್) ಇಲ್ಲದಿದ್ರೆ ಇನ್ನೊಂದ್ಸಲ ಅದೇ ಮೋಡಲ್.

ಲಾಂಚ್ ಆದ ತಕ್ಷಣ ತೋರಿಸಿದ್ರೆ ಎಲ್ರೂ ನೋಡ್ತಾರಲ್ಲ?

ಎಲ್ರೂ ಮುಚ್ತಾರೆ ಕೂಡ. ಆಪ್ ತೆರೆದ ಕ್ಷಣದಲ್ಲಿ ಅವರ ತಲೆಯಲ್ಲಿ ಒಂದು ಕೆಲಸ ಇರುತ್ತೆ. ಫೋರ್ಸ್ ಅಪ್‌ಡೇಟ್, ಸರ್ವಿಸ್ ಡೌನ್ ಇದೆ ಅನ್ನೋ ಥರದ್ದಕ್ಕೆ ಮಾತ್ರ ಲಾಂಚ್ ಬಿಟ್ಕೊಡಿ.

ಹಾಗಿದ್ರೆ ಎಷ್ಟು ಸೆಕೆಂಡ್ ಡಿಲೇ ಇಡ್ಬೇಕು?

ಎಲ್ಲ ಆಪಿಗೂ ಹೊಂದೋ ನಂಬರ್ ಅಂತ ಯಾವುದೂ ಇಲ್ಲ, ಬರೀ ಸೆಕೆಂಡ್ ಎಣಿಸೋದ್ರಿಂದ ಏನೂ ಆಗಲ್ಲ ಕೂಡ. ಸ್ಕ್ರೀನಿಗೆ ಬಂದು 15 ಸೆಕೆಂಡ್ ಆಯ್ತು ಅಂದ್ರೆ ಅವರು ಆಸಕ್ತಿಯಿಂದ ಓದ್ತಿರಬಹುದು, ಫೋನ್ ಕೆಳಗಿಟ್ಟು ಎದ್ದು ಹೋಗಿರಬಹುದು, ಇಲ್ಲಾ ಬಟನ್ ಎಲ್ಲಿದೆ ಅಂತ ಹುಡುಕ್ತಾ ಸಿಟ್ಟಾಗಿರಬಹುದು. ಡಿಲೇ ಉಪಯೋಗಕ್ಕೆ ಬರೋದು ಇವೆಂಟ್ ಆದ ಮೇಲೆ ಒಂದು ಉಸಿರು ಬಿಡೋ ಅಷ್ಟು ಜಾಗ ಕೊಡೋಕೆ.

ಒಳ್ಳೇ ಮಾದರಿ ಬೇಕು ಅಂದ್ರೆ ಆಪಲ್ ತನ್ನ ಡೆವಲಪರ್ಸ್‌ಗೆ ರೇಟಿಂಗ್ ಕೇಳೋ ಬಗ್ಗೆ ಕೊಟ್ಟಿರೋ ಸ್ಯಾಂಪಲ್ ಕೋಡ್ ನೋಡಿ. ಒಂದು ಪ್ರಕ್ರಿಯೆನ ಯೂಸರ್ ಕನಿಷ್ಠ 4 ಸಲ ಮುಗಿಸಿರ್ಬೇಕು, ಈ ವರ್ಷನ್‌ನಲ್ಲಿ ಈಗಾಗ್ಲೇ ಕೇಳಿರಬಾರದು, ಇವೆರಡೂ ಸರಿ ಇದ್ರೆ 2 ಸೆಕೆಂಡ್ ಕಾಯ್ಬೇಕು, ಆ ಎರಡು ಸೆಕೆಂಡಲ್ಲಿ ಅವರು ಬೇರೆ ಸ್ಕ್ರೀನಿಗೆ ಹೋಗಿಬಿಟ್ರೆ ಕೇಳೋದೇ ಬೇಡ. ಕೊನೇ ಕಂಡೀಷನ್ ಚಿಕ್ಕದಾಗಿ ಕಾಣುತ್ತೆ, ಆದ್ರೆ ಎಷ್ಟೋ ಆಪ್‌ಗಳು ಬಿಟ್ಟುಬಿಡೋದು ಅದನ್ನೇ: ಟೈಮರ್ ಶುರು ಮಾಡ್ತಾರೆ, ಯೂಸರ್ ಮುಂದೆ ಹೋದಾಗ ಅದನ್ನ ಕ್ಯಾನ್ಸಲ್ ಮಾಡಲ್ಲ, ಹಿಂದಿನ ಸ್ಕ್ರೀನಿಗೆ ಸೇರಿದ ಪ್ರಶ್ನೆ ಮುಂದಿನ ಸ್ಕ್ರೀನ್ ಮೇಲೆ ಬಂದು ಕೂರುತ್ತೆ.

ಸರ್ವೇ ಕೇಳೋಕೆ ಸರಿಯಾದ ಸಮಯ ಯಾವುದು?

ಏನು ಕೇಳ್ತಿದ್ದೀರಿ ಅನ್ನೋದ್ರ ಮೇಲೆ ಹೋಗುತ್ತೆ. ಸರ್ವೇಗಳಲ್ಲಿ ಮುಖ್ಯವಾಗಿ ಎರಡು ಜಾತಿ ಅಂತ ಇಟ್ಕೊಳ್ಳಿ. ಒಂದು, ಈಗಷ್ಟೇ ನಡೆದಿದ್ದರ ಬಗ್ಗೆ: ಸಪೋರ್ಟ್ ಚಾಟ್ ಹೇಗಿತ್ತು, ಫಾರ್ಮ್ ತುಂಬೋದು ಸುಲಭ ಆಯ್ತಾ. ಇದನ್ನ ಬಿಸಿಬಿಸಿ ಇದ್ದಾಗಲೇ ಕೇಳ್ಬೇಕು, ಎರಡು ದಿನ ಬಿಟ್ಟು "ಮೊನ್ನೆ ಚಾಟ್ ಹೇಗಿತ್ತು" ಅಂದ್ರೆ ಅವರಿಗೆ ಚಾಟ್ ಮಾಡಿದ್ದೇ ನೆನಪಿರಲ್ಲ, ಏನೋ ಒಂದು ಒತ್ತಿ ಕಳಿಸ್ತಾರೆ.

ಇನ್ನೊಂದು, ಒಟ್ಟಾರೆ ಸಂಬಂಧದ ಬಗ್ಗೆ. ಎನ್‌ಪಿಎಸ್ (ನೆಟ್ ಪ್ರೊಮೋಟರ್ ಸ್ಕೋರ್) ಈ ಜಾತಿದು. ಬಿಸಿನೆಸ್ ಸಲಹೆಗಾರ ಫ್ರೆಡ್ ರೈಕೆಲ್ಡ್ 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಮೇಲೆ ಎಲ್ಲಾ ಕಡೆ ಹಬ್ಬಿದ ಪ್ರಶ್ನೆ ಅದು, ಬೇರೆಯವರಿಗೆ ಇದನ್ನ ಶಿಫಾರಸು ಮಾಡ್ತೀರಾ ಅಂತ 0ಯಿಂದ 10ರವರೆಗೆ, 9-10 ಕೊಟ್ಟವರ ಶೇಕಡಾದಿಂದ 0-6 ಕೊಟ್ಟವರ ಶೇಕಡಾ ಕಳೀಬೇಕು, 7-8 ಕೊಟ್ಟವರನ್ನ ಯಾವ ಕಡೆಗೂ ಸೇರ್ಸಲ್ಲ. ಇದನ್ನ ಇನ್‌ಸ್ಟಾಲ್ ಮಾಡಿ ಐದು ನಿಮಿಷಕ್ಕೆ ಕೇಳೋ ಆಪ್‌ಗಳಿವೆ! ಇನ್ನೂ ಏನು ಎತ್ತ ಅಂತ ಗೊತ್ತಾಗದವರು ಯಾರಿಗೆ ಏನಂತ ಶಿಫಾರಸು ಮಾಡ್ಬೇಕು? ಆಪಿನ ಮುಖ್ಯ ಕೆಲಸನ ಕೆಲವು ಸಲ ಮಾಡಿ ಮುಗಿಸಿದವರಿಗೆ ಮಾತ್ರ ಎನ್‌ಪಿಎಸ್ ಕೇಳಿ. ದಿನಾ ಬಳಸೋ ಆಪಿಗೆ ಅದು ಎರಡು ವಾರ ಆಗಬಹುದು, ತಿಂಗಳಿಗೊಮ್ಮೆ ಬಳಸೋದಕ್ಕೆ ನಾಲ್ಕೈದು ತಿಂಗಳೂ ಆಗಬಹುದು.

ಮತ್ತೊಂದು ಕಡೆ ಎಡವೋದು ಇದೆ. ಆರ್ಡರ್ ಕನ್ಫರ್ಮ್ ಆದ ಸ್ಕ್ರೀನಲ್ಲೇ "ನಿಮ್ಮ ಅನುಭವ ಹೇಗಿತ್ತು" ಅಂತಾರೆ, ವಸ್ತು ಇನ್ನೂ ಗೋದಾಮು ಬಿಟ್ಟಿರಲ್ಲ. ಚೆಕ್‌ಔಟ್ ಬಗ್ಗೆ ಕೇಳ್ಬೇಕಿದ್ರೆ ಚೆಕ್‌ಔಟ್ ಅಂತಾನೇ ಕೇಳಿ, ವಸ್ತು ಬಗ್ಗೆ ಆದ್ರೆ ಕೈಗೆ ಸಿಕ್ಕಿ ಬಳಸೋ ತನಕ ಬಿಡಿ.

ಏನಾದ್ರೂ ಫೇಲ್ ಆದಾಗ ಸರ್ವೇ ಕೇಳಬಹುದಾ, ಇಲ್ಲಾ ಗೆದ್ದಾಗ ಮಾತ್ರ ಕೇಳ್ಬೇಕಾ?

ಖುಷಿಯಲ್ಲಿದ್ದಾಗ ಮಾತ್ರ ಕೇಳಿದ್ರೆ ಸ್ಕೋರ್ ಚೆನ್ನಾಗಿ ಬರುತ್ತೆ, ಮೀಟಿಂಗಲ್ಲಿ ತೋರಿಸೋಕೂ ಚೆಂದ, ಕಲಿಯೋಕೆ ಮಾತ್ರ ಏನೂ ಸಿಗಲ್ಲ. ಪೇಮೆಂಟ್ ಫೇಲ್ ಆದವರು, ಅರ್ಧಕ್ಕೆ ಬಿಟ್ಟು ಹೋದವರು ನಿಮ್ಮ ಲೆಕ್ಕಕ್ಕೇ ಬರ್ಲಿಲ್ಲ. ಫೇಲ್ ಆದಾಗ ಖಂಡಿತ ಕೇಳಿ, ಆದ್ರೆ ಸ್ಟಾರ್ ಕೇಳ್ಬೇಡಿ, "ಎಲ್ಲಿ ಸಿಕ್ಕಿಹಾಕ್ಕೊಂಡ್ರಿ" ಅಂತ ಒಂದು ಪ್ರಶ್ನೆ ಸಾಕು, ಅದೂ ಮತ್ತೆ ಪ್ರಯತ್ನಿಸಿ ಅನ್ನೋ ಬಟನ್ ಮೇಲೆ ಬೀಳದ ಹಾಗೆ ಕೆಳಗಡೆ ಚಿಕ್ಕದಾಗಿ. ಮೊದಲು ಅವರ ಕೆಲಸ ಆಗ್ಲಿ.

ಟ್ರಿಗರ್ ಬದಲಾಯಿಸಿದ ಮೇಲೆ ಹಳೇ ಸ್ಕೋರ್ ಜೊತೆ ಹೋಲಿಸೋದನ್ನ ದಯವಿಟ್ಟು ನಿಲ್ಲಿಸಿ. ಹೋದ ತಿಂಗಳು ಲಾಂಚ್‌ನಲ್ಲಿ ಕೇಳ್ತಿದ್ರಿ, ಈ ತಿಂಗಳು ಕೆಲಸ ಮುಗಿದ ಮೇಲೆ ಕೇಳಿದ್ರಿ, ಸ್ಕೋರ್ ಏರ್ತು. ಏರಿದ್ದು ಪ್ರಾಡಕ್ಟಿಂದಾನಾ ಟೈಮಿಂಗಿಂದಾನಾ ಅಂತ ಬಿಡಿಸಿ ಹೇಳೋಕೆ ಯಾರಿಂದಲೂ ಆಗಲ್ಲ.

ಸ್ಟೋರ್ ರೇಟಿಂಗ್ ಪಾಪ್ಅಪ್ ನಮಗೆ ಬೇಕಾದಾಗ ಬರ್ತಿಲ್ಲ, ಯಾಕೆ?

ಯಾಕಂದ್ರೆ ಅದು ನಿಮ್ಮ ಕೈಲಿಲ್ಲ. ಐಒಎಸ್ 10.3 ಜೊತೆ 2017ರಲ್ಲಿ ಆಪಲ್ ಈ ಸಿಸ್ಟಮ್ ಪಾಪ್ಅಪ್ ತಂತು, ಒಬ್ಬ ಯೂಸರ್‌ಗೆ ಒಂದು ಆಪಿಂದ 365 ದಿನದಲ್ಲಿ ಹೆಚ್ಚೆಂದ್ರೆ 3 ಸಲ ತೋರಿಸುತ್ತೆ, ನೀವು ಕೋಡಿಂದ ಮುನ್ನೂರು ಸಲ ಕರೆದ್ರೂ ಅಷ್ಟೇ. ಯೂಸರ್ ಸೆಟ್ಟಿಂಗ್ಸ್‌ನಲ್ಲಿ ಇದನ್ನ ಪೂರ್ತಿ ಆಫ್ ಮಾಡಿರಲೂಬಹುದು. ಟೆಸ್ಟ್‌ಫ್ಲೈಟ್ (ಟೆಸ್ಟರ್‌ಗಳಿಗೆ ಆಪ್ ಕೊಡೋ ಆಪಲ್ ವ್ಯವಸ್ಥೆ) ಬಿಲ್ಡಲ್ಲಿ ಕರೆದ್ರೆ ಏನೂ ಆಗಲ್ಲ, ಡೆವಲಪ್‌ಮೆಂಟಲ್ಲಿ ಮಾತ್ರ ಪ್ರತಿ ಸಲ ಬರುತ್ತೆ, ಹಾಗಾಗಿ "ನನ್ನ ಫೋನಲ್ಲಿ ಬರ್ತಿದೆ, ಟೆಸ್ಟರ್ ಫೋನಲ್ಲಿ ಬರ್ತಿಲ್ಲ" ಅನ್ನೋ ಜಗಳ ಶುರುವಾಗುತ್ತೆ. ಗೂಗಲ್ ಪ್ಲೇನಲ್ಲಿ 2020ರಲ್ಲಿ ಇಂಥದ್ದೇ ಬಂತು, ಅಲ್ಲೂ ಕೋಟಾ ಇದೆ, ತಿಂಗಳೊಳಗೆ ಮತ್ತೆ ಕರೆದ್ರೆ ಕಾಣಿಸ್ಕೊಳ್ಳೋ ಗ್ಯಾರಂಟಿ ಇಲ್ಲ, ಯೂಸರ್ ರಿವ್ಯೂ ಕೊಟ್ರಾ ಇಲ್ವಾ ಅನ್ನೋದನ್ನೂ ನಿಮಗೆ ಹೇಳಲ್ಲ.

ಇದರಿಂದ ಎರಡು ಪಾಠ. "ರೇಟ್ ಮಾಡಿ" ಅನ್ನೋ ಬಟನ್ ಇಟ್ಟು ಅದಕ್ಕೆ ಈ ಪಾಪ್ಅಪ್ ಕಟ್ಟಬೇಡಿ, ಒತ್ತಿದಾಗ ಏನೂ ಬರದಿದ್ರೆ ಆಪೇ ಕೆಟ್ಟಿದೆ ಅನ್ಕೋತಾರೆ. ಬಟನ್ ಬೇಕೇ ಬೇಕು ಅಂದ್ರೆ ನೇರ ಸ್ಟೋರ್ ಪೇಜಿಗೆ ಲಿಂಕ್ ಕೊಡಿ. ಎರಡನೇದು, ಮೊದಲು "ಆಪ್ ಇಷ್ಟ ಆಯ್ತಾ" ಅಂತ ಕೇಳಿ ಹೌದು ಅಂದವರನ್ನ ಮಾತ್ರ ರೇಟಿಂಗಿಗೆ ಕಳಿಸೋ ಜಾಣತನ, ಗೂಗಲ್ ಗೈಡ್‌ಲೈನಲ್ಲಿ ಅದು ಬೇಡ ಅಂತ ಸ್ಪಷ್ಟವಾಗಿದೆ.

ಫ್ರೀಕ್ವೆನ್ಸಿ ಕ್ಯಾಪ್, ಕೂಲ್‌ಡೌನ್ ಎರಡೂ ಒಂದೇನಾ?

ಅಲ್ಲ. ಕ್ಯಾಪ್ ಅಂದ್ರೆ ಇಷ್ಟು ದಿನದಲ್ಲಿ ಒಟ್ಟು ಎಷ್ಟು ಸಲ. ಕೂಲ್‌ಡೌನ್ ಅಂದ್ರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಗ್ಯಾಪ್. ವಾರಕ್ಕೆ 3 ಅಂತ ಕ್ಯಾಪ್ ಮಾತ್ರ ಹಾಕಿದ್ರೆ ಮೂರೂ ಸೋಮವಾರ ಬೆಳಿಗ್ಗೇನೇ ಬಂದು ಮುಗಿಯಬಹುದು, ಯಾರೂ ತಡೆಯಲ್ಲ.

ಕ್ಯಾಂಪೇನ್ (ನೀವು ಸೆಟ್ ಮಾಡಿಟ್ಟ ಒಂದು ಮೆಸೇಜು ಇಲ್ಲಾ ಸರ್ವೇ) ಲೆಕ್ಕದ ಕ್ಯಾಪ್ ಬೇರೆ, ಯೂಸರ್ ಲೆಕ್ಕದ ಒಟ್ಟು ಕ್ಯಾಪ್ ಬೇರೆ. ಐದು ಟೀಮು ತಲಾ ಒಂದೊಂದೇ ಮೆಸೇಜ್ ಹಾಕಿ "ನಮ್ದು ವಾರಕ್ಕೆ ಒಂದೇ ಸಲ" ಅಂತ ಸಭ್ಯವಾಗಿ ಹೇಳಿದ್ರೂ ಯೂಸರ್‌ಗೆ ಸಿಗೋದು ಐದು. ಒಟ್ಟು ಕ್ಯಾಪ್ ಇಲ್ಲದ ಕಡೆ ಉಳಿದ ಸೆಟ್ಟಿಂಗ್ ಎಲ್ಲ ಇದ್ದೂ ಇಲ್ಲದ ಹಾಗೆ.

ಯೂಸರ್ ಕ್ರಾಸ್ ಒತ್ತಿ ಮುಚ್ಚಿದ್ರೆ ಮತ್ತೆ ಯಾವಾಗ ತೋರಿಸ್ಬೇಕು?

ಉತ್ತರ ಕೊಟ್ಟವರು, "ಆಮೇಲೆ" ಒತ್ತಿದವರು, ಕ್ರಾಸ್ ಒತ್ತಿದವರು, ನೋಡದೆ ಆಪ್ ಮುಚ್ಚಿದವರು, ಈ ನಾಲ್ಕನ್ನೂ ಬೇರೆಬೇರೆ ಲಾಗ್ ಮಾಡಿ. ಉತ್ತರ ಕೊಟ್ಟವರಿಗೆ ಅದೇ ಸರ್ವೇ ತಿಂಗಳುಗಟ್ಟಲೆ ಬೇಡ. ಆಮೇಲೆ ಅಂದವರಿಗೆ ನಿಜವಾಗ್ಲೂ ಆಮೇಲೆ, ಮುಂದಿನ ಸೆಷನ್ (ಅಂದ್ರೆ ಮುಂದಿನ ಸಲ ಆಪ್ ತೆರೆದಾಗ) ಅಂತೂ ಅಲ್ಲ. ಕ್ರಾಸ್ ಒತ್ತಿದ್ದು ಬೇಡ ಅಂತಾನೇ ಲೆಕ್ಕ, ಎರಡು ಸಲ ಒತ್ತಿದ್ರೆ ಆ ಕ್ಯಾಂಪೇನ್ ಅವರ ಪಾಲಿಗೆ ಮುಗೀತು ಅನ್ಕೊಳ್ಳಿ.

ಒಂದೇ ಸಲ ಎರಡು ಮೂರು ಮೆಸೇಜ್ ಸಾಲಾಗಿ ಬರ್ತಿವೆ, ತಡೆಯೋದು ಹೇಗೆ?

ಒಂದೇ ಇವೆಂಟಿಗೆ ಎರಡು ಕ್ಯಾಂಪೇನ್ ಕಟ್ಟಿರ್ತೀರಿ, ಒಂದನ್ನ ಮುಚ್ಚಿದ ಕೂಡಲೇ ಕ್ಯೂನಲ್ಲಿದ್ದ ಇನ್ನೊಂದು ಎದ್ದು ಬರುತ್ತೆ. ಬ್ರೇಝ್‌ನಂಥ ಟೂಲಲ್ಲಿ ಎರಡು ಮೆಸೇಜ್ ನಡುವೆ ಡೀಫಾಲ್ಟ್ ಆಗಿ 30 ಸೆಕೆಂಡ್ ಗ್ಯಾಪ್ ಇರುತ್ತೆ, ಆದ್ರೆ 31ನೇ ಸೆಕೆಂಡಿಗೆ ಬಂದ್ರೆ ಯೂಸರ್‌ಗೇನು ಖುಷಿ ಆಗಲ್ಲ. ಸೆಷನ್‌ಗೆ ಒಂದೇ ಮೋಡಲ್ ಅನ್ನೋ ನಿಯಮ ಇಡಿ. ಪ್ರಯಾರಿಟಿ ಹೀಗಿರಲಿ: ಮೊದಲು ಸರ್ವಿಸ್‌ಗೆ ಸಂಬಂಧಿಸಿದ್ದು, ಆಮೇಲೆ ಅವರು ಮಾಡ್ತಿರೋ ಕೆಲಸಕ್ಕೆ ಸಹಾಯ ಮಾಡೋದು, ಆಮೇಲೆ ಸರ್ವೇ, ಕೊನೇಲಿ ಪ್ರಚಾರ. ಸೋತ ಮೆಸೇಜನ್ನ ಕ್ಯೂನಲ್ಲಿ ಇಡೋ ಬದ್ಲು ಬಿಸಾಕಿ. ಅದರ ಸಂದರ್ಭ ಹೋದ ಮೇಲೆ ಅದು ಬರೀ ಅಡ್ಡಿ.

ಪೇಮೆಂಟ್, ವಿಡಿಯೋ ಕಾಲ್, ಪರೀಕ್ಷೆ ಥರದ ಸ್ಕ್ರೀನಲ್ಲಿ ಯಾವ ಮೆಸೇಜೂ ಬರಬಾರ್ದು. ಹೇಗೆ?

ಇದಕ್ಕೆ ಸಪ್ರೆಷನ್ ಅಂತಾರೆ, ಬಹುತೇಕ ಎಸ್‌ಡಿಕೆಗಳಲ್ಲಿ (ಟೂಲಿನವರು ಆಪ್ ಒಳಗೆ ಸೇರಿಸೋಕೆ ಕೊಡೋ ಕೋಡ್) ಸಿಗುತ್ತೆ. ಫ್ಲೋ ಶುರುವಾದಾಗ ಆನ್, ಮುಗಿದಾಗ ಆಫ್. ನೆನಪಿಡಬೇಕಾದ್ದು ಏನಂದ್ರೆ ಫೈರ್‌ಬೇಸ್‌ನಲ್ಲಿ ಸಪ್ರೆಸ್ ಆಗಿರೋವಾಗ ಬಂದ ಮೆಸೇಜ್ ಹಿಂದೆ ನಿಂತು ಕಾಯಲ್ಲ, ಕಳೆದೇ ಹೋಗುತ್ತೆ, ಸಪ್ರೆಷನ್ ತೆಗೆದ ಮೇಲೆ ಟ್ರಿಗರ್ ಮತ್ತೊಮ್ಮೆ ಆದ್ರೆ ಮಾತ್ರ ಬರುತ್ತೆ. ಆಪ್ ರೀಸ್ಟಾರ್ಟ್ ಆದ್ರೆ ಸಪ್ರೆಷನ್ ತಾನಾಗೇ ಆಫ್ ಆಗುತ್ತೆ, ಅಂದ್ರೆ ಪೇಮೆಂಟ್ ಮಧ್ಯೆ ಫೋನು ಆಪನ್ನ ಕೊಂದು ಯೂಸರ್ ಮತ್ತೆ ತೆರೆದ್ರೆ, ಆ ಸ್ಕ್ರೀನಿಗೆ ವಾಪಸ್ ಕರ್ಕೊಂಡು ಬರೋ ಕೋಡಲ್ಲೂ ಸಪ್ರೆಷನ್ ಹಾಕಿರ್ಬೇಕು.

ಉಲ್ಟಾ ತೊಂದರೆನೂ ಇದೆ. ಪೇಮೆಂಟ್ ಸಕ್ಸಸ್ ಆದಾಗ ಆಫ್ ಮಾಡೋ ಕೋಡ್ ಬರೆದಿರ್ತಾರೆ, ಫೇಲ್ ಆದಾಗ, ಬ್ಯಾಕ್ ಒತ್ತಿದಾಗ ಬರೆದಿರಲ್ಲ, ಆ ಸೆಷನ್ ಪೂರ್ತಿ ಮೆಸೇಜ್ ಬಂದ್ ಆಗಿರುತ್ತೆ, ಮಾರ್ಕೆಟಿಂಗಿನವರು ಕ್ಯಾಂಪೇನ್ ಸೆಟ್ಟಿಂಗ್ ತಿರುವಿ ತಿರುವಿ ನೋಡ್ತಿರ್ತಾರೆ.

ಕ್ಯಾಂಪೇನ್ ನಿಲ್ಲಿಸಿದ್ರೂ ಕೆಲವರಿಗೆ ಇನ್ನೂ ಕಾಣ್ತಿದೆ, ಹೊಸದು ಹಾಕಿದ್ರೆ ನನ್ನ ಫೋನಲ್ಲಿ ಬರ್ತಿಲ್ಲ!

ಎರಡಕ್ಕೂ ಕಾರಣ ಒಂದೇ, ಕ್ಯಾಶ್ (ಮೊದಲೇ ತಂದು ಫೋನಲ್ಲಿ ಇಟ್ಕೊಂಡಿರೋ ಪ್ರತಿ). ಟ್ರಿಗರ್ ಆದ ಪ್ರತಿ ಸಲ ಸರ್ವರ್ ಕೇಳ್ತಾ ಕೂತ್ರೆ ಮೆಸೇಜ್ ತಡ ಆಗುತ್ತೆ, ಬ್ಯಾಟರಿನೂ ಹೋಗುತ್ತೆ, ಅದಕ್ಕೆ ಎಸ್‌ಡಿಕೆ ಮೊದಲೇ ಎಲ್ಲ ತಂದು ಫೋನಲ್ಲಿ ಇಟ್ಕೊಂಡಿರುತ್ತೆ. ಫೈರ್‌ಬೇಸ್ ದಿನಕ್ಕೆ ಒಂದೇ ಸಲ ಸರ್ವರಿಂದ ತರುತ್ತೆ. ಟೆಸ್ಟ್ ಮಾಡೋಕೆ ಇನ್‌ಸ್ಟಾಲೇಷನ್ ಐಡಿ (ಆ ಫೋನಲ್ಲಿರೋ ಆಪಿನ ಗುರುತು) ಕೊಟ್ಟು ಆ ಡಿವೈಸ್‌ಗೆ ಟೆಸ್ಟ್ ಮೆಸೇಜ್ ಕಳಿಸೋ ವ್ಯವಸ್ಥೆ ಇದೆ, ಅದನ್ನ ಬಳಸಿ. ಯೂಸರ್ ಕಡೆಗೆ, ಎಲ್ಲ ಮೆಸೇಜಿಗೂ ಮುಗಿಯೋ ದಿನಾಂಕ ಹಾಕೋದು ರೂಢಿ ಮಾಡ್ಕೊಳ್ಳಿ, ಸ್ಟಾಪ್ ಬಟನ್ ನಂಬ್ಕೋಬೇಡಿ.

ಟೈಮ್‌ಝೋನ್ ಹೇಗೆ ಇಡೋದು?

ಸರ್ವರಲ್ಲಿ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಸಮಯ), ಯೂಸರ್‌ಗೆ ತೋರಿಸೋದು ಅವರ ಲೋಕಲ್ ಟೈಮಲ್ಲಿ. ಆಫರ್ ಮುಗಿಯೋ ಥರದ ದುಡ್ಡಿನ ವಿಷಯಕ್ಕೆ ಫೋನಿನ ಗಡಿಯಾರ ನೆಚ್ಚಬೇಡಿ, ಅದನ್ನ ಯಾರು ಬೇಕಾದ್ರೂ ತಿರುಗಿಸಬಹುದು.

ಒಂದೇ ಯೂಸರ್ ಫೋನಲ್ಲೂ ಟ್ಯಾಬಲ್ಲೂ ಇದ್ರೆ?

ನೋಡಿದ್ದಾರೆ ಅನ್ನೋ ಲೆಕ್ಕ ಡಿವೈಸಲ್ಲಿ ಇದ್ರೆ ಎರಡು ಕಡೆನೂ ಬರುತ್ತೆ, ರೀಇನ್‌ಸ್ಟಾಲ್ ಮಾಡಿದ್ರೆ ಮತ್ತೆ ಮೊದಲಿಂದ. ಲಾಗಿನ್ ಐಡಿಗೆ ಕಟ್ಟಿ ಸರ್ವರಲ್ಲಿ ಇಡಿ.

ಎಲ್ಲರಿಗೂ ಒಂದೇ ದಿನ ಸರ್ವೇ ಕಳಿಸಿದ್ರೆ ಬೇಗ ಮುಗಿಯುತ್ತಲ್ವಾ?

ಮುಗಿಯುತ್ತೆ, ಆದ್ರೆ ಆ ದಿನ ಸರ್ವರ್ ಡೌನ್ ಆಗಿದ್ರೆ ನಿಮಗೆ ಸಿಗೋದು ಡೌನ್ ಆಗಿದ್ದರ ಸ್ಕೋರ್. ಮುಂದಿನ ವಾರ ಬೇರೆ ಏನೋ ಕೇಳ್ಬೇಕು ಅಂದ್ರೆ ಎಲ್ರೂ ಕೂಲ್‌ಡೌನ್‌ನಲ್ಲಿರ್ತಾರೆ. ದಿನಾ ಸ್ವಲ್ಪ ಜನಕ್ಕೆ ರ‍್ಯಾಂಡಮ್ ಆಗಿ ಹಂಚಿ, ಸಾಕಷ್ಟು ಉತ್ತರ ಬಂದ ಕೂಡಲೇ ನಿಲ್ಲಿಸೋ ಲಿಮಿಟ್ ಹಾಕಿ. ಸ್ವಲ್ಪ ಜನರನ್ನ ಯಾವ ಮೆಸೇಜೂ ತೋರಿಸದೆ ಪಕ್ಕಕ್ಕಿಟ್ರೆ ಇನ್ನೂ ಒಳ್ಳೇದು, ಯಾಕಂತ ಕೆಳಗೆ ಇದೆ.

ತಾನಾಗೇ ಮಾಯ ಆಗೋ ಬ್ಯಾನರ್ ಎಷ್ಟು ಹೊತ್ತು ಇರ್ಬೇಕು?

ಬಟನ್ ಇರೋ ಬ್ಯಾನರ್ ಆದ್ರೆ ತಾನಾಗೇ ಹೋಗೋದೇ ಬೇಡ. ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಬಳಸೋವ್ರಿಗೆ ಅದು ಓದಿ ಮುಗಿಯೋಕೆ ಮುಂಚೆ ಮಾಯ ಆಗಿರುತ್ತೆ, ನಿಧಾನವಾಗಿ ಓದೋರಿಗೂ ಅಷ್ಟೇ. ವಿಕಲಚೇತನರೂ ಬಳಸೋ ಹಾಗಿರ್ಬೇಕು ಅಂತ ಮಾಡಿರೋ ಡಬ್ಲ್ಯೂಸಿಎಜಿ ಮಾನದಂಡದ 2.2.1ರಲ್ಲಿ ಸಮಯದ ಮಿತಿ ಇಟ್ರೆ ಅದನ್ನ ಆಫ್ ಮಾಡೋಕೆ, ಹೆಚ್ಚಿಸ್ಕೊಳ್ಳೋಕೆ ಯೂಸರ್‌ಗೆ ದಾರಿ ಇರ್ಬೇಕು ಅಂತ ಇದೆ. "ಸೇವ್ ಆಯ್ತು" ಅನ್ನೋ ಥರ ಗೊತ್ತಾಗದಿದ್ರೂ ನಷ್ಟ ಇಲ್ಲದ ಮಾತಿಗೆ ಮಾತ್ರ ಟೈಮರ್ ಇರಲಿ.

ನಮ್ಮ ಟೈಮಿಂಗ್ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ ಎಷ್ಟು ಬಂತು ಅನ್ನೋದೊಂದನ್ನೇ ನೋಡಿದ್ರೆ ಮೋಸ ಹೋಗ್ತೀರಿ, ದೊಡ್ಡ ಮೋಡಲ್ ಹಾಕಿ ಕ್ರಾಸ್ ಬಟನ್ ಸಣ್ಣದು ಮಾಡಿದ್ರೂ ಉತ್ತರ ಜಾಸ್ತಿ ಬರುತ್ತೆ. ಬಂದ ಒಂದು ಸೆಕೆಂಡೊಳಗೆ ಎಷ್ಟು ಜನ ಮುಚ್ಚಿದ್ರು ಅಂತ ನೋಡಿ, ಅವರು ಓದೇ ಇಲ್ಲ, ಕೈ ಅಭ್ಯಾಸದಲ್ಲಿ ಮುಚ್ಚಿದ್ದು, ಅಂದ್ರೆ ಅಡ್ಡ ಬಂದಿದ್ದೀರಿ. ಮೆಸೇಜ್ ಬಂದ ಮೇಲೆ ಶುರು ಮಾಡಿದ್ದ ಕೆಲಸ ಮುಗಿಸಿದ್ರಾ ಅಂತಾನೂ ನೋಡಿ. ಪಕ್ಕಕ್ಕಿಟ್ಟ ಗುಂಪು ಬೇಕಾಗೋದು ಇಲ್ಲೇ: ಮೆಸೇಜ್ ಕಂಡವರಿಗಿಂತ ಕಾಣದವರು ಕೆಲಸ ಹೆಚ್ಚು ಮುಗಿಸ್ತಿದ್ರೆ ವಾಕ್ಯ ತಿದ್ದೋದು ಬಿಟ್ಟು ಟ್ರಿಗರ್ ಬದಲಾಯಿಸಿ.

ಮುಕ್ತವಾಗಿ ಬರೆಯೋ ಬಾಕ್ಸಲ್ಲಿ "ಯಾಕೆ ಪದೇ ಪದೇ ಕೇಳ್ತೀರಾ" ಅಂತ ಬಂದಿದ್ರೆ ಡ್ಯಾಶ್‌ಬೋರ್ಡ್ ಏನಾದ್ರೂ ಹೇಳ್ಲಿ, ಕೂಲ್‌ಡೌನ್ ಕಮ್ಮಿ ಇದೆ ಅಂತಾನೇ.

ಯೂಸರ್‌ಗೇ ಆಫ್ ಮಾಡೋ ಆಪ್ಷನ್ ಕೊಡ್ಬೇಕಾ? ಎಲ್ರೂ ಆಫ್ ಮಾಡಿಬಿಟ್ರೆ?

ಕೊಡಿ, ಅದೂ ಬಗೆಬಗೆಯಾಗಿ: ಸರ್ವೇ ಬೇಡ, ಪ್ರಚಾರ ಬೇಡ, ಟಿಪ್ಸ್ ಇರಲಿ ಅಂತ ಆರಿಸೋ ಹಾಗೆ. ಸೆಕ್ಯುರಿಟಿ, ಬಿಲ್ಲಿಂಗ್ ಥರದ ಅಗತ್ಯ ಮೆಸೇಜನ್ನ ಈ ಪಟ್ಟಿಗೆ ಸೇರಿಸ್ಬೇಡಿ, ಅದೇ ನೆಪದಲ್ಲಿ ಪ್ರಚಾರನ ಅಗತ್ಯದ ಪಟ್ಟಿಗೆ ತುರುಕಲೂ ಬೇಡಿ. ಸರ್ವೇ ಬೇಡ ಅಂದವರು ಮಾತಾಡೋಕೆ ದಾರಿ ಇರಲಿ, ಮೆನುವಿನಲ್ಲಿ ಫೀಡ್‌ಬ್ಯಾಕ್ ಅಂತ ಒಂದು ಸಾಲು ಯಾವಾಗ್ಲೂ ತೆರೆದಿದ್ರೆ ಹೇಳ್ಬೇಕು ಅನ್ನಿಸಿದವರು ಅವರಿಗೆ ಬೇಕಾದಾಗ ಬಂದು ಹೇಳ್ತಾರೆ. ಹೀಗೆ ಬಂದ ಉತ್ತರಗಳನ್ನ ಸರ್ವೇ ಸ್ಕೋರಿಗೆ ಮಾತ್ರ ಬೆರೆಸಬೇಡಿ, ತಾವಾಗೇ ಬರೆಯೋಕೆ ಬರೋರು ಹೆಚ್ಚಾಗಿ ಏನೋ ಕೆಟ್ಟಾಗಲೇ ಬರೋದು.